ಗಾಡಿಯ ಬಲಮಗ್ಗುಲು

ಶನಿವಾರ ಬೆಳಗ್ಗೆ ಲೆಂಪಿ ಕೊಸ್ಕೆಲಾ ಇಸ್ಪೀಟಿನ ಎಲೆಯೊಂದನ್ನು ಹಿಡಿದುಕೊಂಡು ತನ್ನ ಕೆಂಪು ಕಾರಿನ ಸುತ್ತ ಬಗ್ಗಿ ಬಗ್ಗಿ ನೋಡುತ್ತಿದ್ದಳು. ಷೋರೂಮಿನಿಂದ ಬಾಡಿಗೆಗೆ ಪಡೆದ ಕಾರಿನ ಲೀಸ್ ಮುಗಿದಿತ್ತು. ಸೋಮವಾರ ಅದನ್ನು ಷೋರೂಮಿಗೆ ಹಿಂತಿರುಗಿಸಬೇಕು. ಎಲೆಯ ಮರೆಯಲ್ಲಿ ಅಡಗುವಷ್ಟು ಚಿಕ್ಕ ಗೀರಾದರೆ ಸವಕಳಿಯೆಂದು ಬಿಟ್ಟುಬಿಡುತ್ತಾರೆ, ಹೊರಗೆ ಇಣುಕಿದರೆ ದಂಡ ಹಾಕುತ್ತಾರೆ ಎಂದು ಯಾರೋ ಅವಳಿಗೆ ಹೇಳಿದ್ದರು.

"ಇದು ಮುಚ್ಚಿಹೋಯ್ತು, ಲೆಕ್ಕಕ್ಕಿಲ್ಲ. ಇದು... ಬಾಲ ಸ್ವಲ್ಪ ಹೊರಗಿದೆ. ಆರ್ವೋ, ಇಲ್ಲಿ ಪಾಲಿಶ್ ಹಚ್ಚು!"

ಏಪ್ರಿಲ್ ಬಂದಿದ್ದರೂ ಗ್ಯಾರೇಜಿನ ನೆರಳಲ್ಲಿ ಕೊಳೆಹಿಡಿದ ಹಿಮದ ಗುಡ್ಡೆಯೊಂದು ಕರಗಲೊಲ್ಲೆನೆಂದು ಕೂತಿತ್ತು. ಚಳಿಗಾಲವಿಡೀ ರಸ್ತೆಗೆ ಸುರಿದ ಉಪ್ಪು ಬೂಟುಗಳ ಜೊತೆ ಒಳಬಂದು ಕಾರಿನ ನೆಲಹಾಸಿನ ಮೇಲೆ ಬೆಳ್ಳಗೆ ಕಲೆಕಟ್ಟಿತ್ತು. ಪಕ್ಕದ ಮನೆಯ ಡೊರೀನ್ ಬಿಸಿನೀರಿಗೆ ವಿನೆಗರ್ ಬೆರೆಸಿ ಅದನ್ನು ತಿಕ್ಕುತ್ತಿದ್ದಳು. ಅವಳು ಬರುವಾಗ ತಂದ, ಮಾಂಸ ತುಂಬಿದ ಕಡುಬಿನಂಥ ಪೇಸ್ಟಿಗಳು ಕಿಟಕಿಯ ಕಟ್ಟೆಯ ಮೇಲೆ ಬಟ್ಟೆ ಹೊದ್ದು ಬೆಚ್ಚಗಿದ್ದವು.

"ಒಳಗೆಲ್ಲ ಉಪ್ಪಿನಕಾಯಿ ಜಾಡಿ ಥರ ವಾಸನೆ ಬರ್ತಿದೆ ಕಣೇ," ಎಂದಳು ಡೊರೀನ್.

"ಬರಲಿ ಬಿಡು. ಕಲೆ ಹೋಗ್ಬೇಕು ಅಷ್ಟೆ." ಲೆಂಪಿ ಮುಂದಿನ ಗೀರಿನತ್ತ ಸರಿದಳು. "ಇದು ಅಂಗಡಿ ಮುಂದಿನ ತಳ್ಳುಗಾಡಿಯದು. ಇದು ಹಿಮ ಎತ್ತೋ ಲಾರಿಯವನದು. ಇದು ನಿನ್ನ ಕಸದ ಡಬ್ಬ."

"ನನ್ನ ಕಸದ ಡಬ್ಬಕ್ಕೆ ಕಾಲಿಲ್ಲ ಮಾರಾಯ್ತಿ. ಅದೇನು ನಡ್ಕೊಂಡು ಬಂದು ಗುದ್ದಿತಾ?"

"ಗಾಳಿಗೆ ಬಂದಿರುತ್ತೆ."

ಡೊರೀನ್ ಸೊಂಟ ಹಿಡಿದು ಎದ್ದಳು. ಕಾರಿನ ಎರಡೂ ಪಕ್ಕ ಒಂದು ಸುತ್ತು ನೋಡಿ ಬಂದಳು. "ಎಡಗಡೆಯಿಂದ ನೋಡಿದ್ರೆ ಮದುಮಗಳು. ಬಲಗಡೆಯಿಂದ ನೋಡಿದ್ರೆ ಕುಸ್ತಿ ಸೋತು ಬಂದ ಪೈಲ್ವಾನ. ಊರಿನ ತಳ್ಳುಗಾಡಿಗಳಿಗೆಲ್ಲ ನಿನ್ನ ಬಲಮಗ್ಗುಲ ಮೇಲೇ ಯಾಕೆ ಸಿಟ್ಟು?"

ಲೆಂಪಿ ಜೋರಾಗಿ ನಕ್ಕಳು. ಅವಳ ಗಂಡ ಆರ್ವೋ ಮಾತ್ರ ನಗಲಿಲ್ಲ. ಗಿಡ್ಡ ಸ್ಟೂಲಿನ ಮೇಲೆ ಕೂತು, ಬಲಗಡೆಯ ಹಿಂಬಾಗಿಲನ್ನು ಬೆನ್ನಿನಿಂದ ಮರೆಮಾಡಿಕೊಂಡು, ಮೈಯೆಲ್ಲ ಅಲುಗುವಂತೆ ಬಟ್ಟೆಯಿಂದ ಉಜ್ಜುತ್ತಿದ್ದ. ಅವನ ಅವಸರ ಕಂಡು ಲೆಂಪಿ ಹತ್ತಿರ ಬಂದಳು. ಬಟ್ಟೆಯಡಿ ಕೆಂಪು ಬಣ್ಣ ಪುಡಿಪುಡಿಯಾಗಿ ಉದುರಿ, ಒಳಗಿನಿಂದ ಹಳದಿ ಪಟ್ಟೆಯೊಂದು ಎದ್ದು ಕಾಣುತ್ತಿತ್ತು.

"ಇದೇನಿದು ಹಳದಿ?"

"ಏನಿಲ್ಲ. ಹೂವಿನ ಪರಾಗ ಇರ್ಬೇಕು."

"ಹಿಮಾನೇ ಕರಗಿಲ್ಲ, ಹೂವೆಲ್ಲಿಂದ ಬಂತು? ಏಳು ಮೇಲೆ."

ಆರ್ವೋ ಎದ್ದ. ಅಂಗಿಯ ಜೇಬಿನಿಂದ ಉಗುರುಬಣ್ಣದ ಶೀಸೆಯಂಥ ಪುಟ್ಟ ಶೀಸೆಯೊಂದು ಇಣುಕುತ್ತಿತ್ತು. ಅದರಲ್ಲಿದ್ದುದು ಕಾರಿನದೇ ಕೆಂಪು, ತಳ ಮುಟ್ಟಿತ್ತು. ಲೆಂಪಿ ಹಳದಿ ಪಟ್ಟೆಯನ್ನು ಬೆರಳಿನಿಂದ ಸವರಿದಳು. ಊರಿನ ಗ್ರಂಥಾಲಯದ ತಿರುವಿನಲ್ಲಿ, ಮಕ್ಕಳು ನಿಲ್ಲುವ ಜಾಗಕ್ಕೆ ಕಾವಲಾಗಿ ನೆಟ್ಟ ಕಬ್ಬಿಣದ ಕಂಬಗಳಿಗೆ ಇದೇ ಹಳದಿ. ಅವಕ್ಕೆ ತಾಗಿಸಿದ ನೆನಪೇ ಅವಳಿಗಿರಲಿಲ್ಲ.

"ಯಾವಾಗಿಂದ ಹೀಗೆ ಬಳೀತಾ ಇದೀಯ?"

"ಹೋದ ಬೇಸಿಗೆಯಿಂದ. ಆ ಪಕ್ಕದ ಕನ್ನಡಿನೂ ಕಾರಿನ ಜೊತೆ ಬಂದದ್ದಲ್ಲ. ಅದು ಒಡೆದುಹೋಗಿತ್ತು. ನೀನು ಚರ್ಚಲ್ಲಿ ಹಾಡೋಕೆ ಹೋಗಿದ್ದಾಗ ಗುಜರಿಯಿಂದ ತರಿಸಿ ಹಾಕಿದೆ."

"ನನಗ್ಯಾಕೆ ಹೇಳ್ಲಿಲ್ಲ?"

"ಕಣ್ಣು ತೋರಿಸ್ಕೊ ಅಂತ ಒಂದ್ಸಲ ಅಂದೆ. ಆವತ್ತು ನೀನು ಬಡಿಸಿದ ಸೂಪು ಕೆರೆ ನೀರಿಗಿಂತ ತಣ್ಣಗಿತ್ತು." ಆರ್ವೋ ಬಟ್ಟೆಯನ್ನು ಮಡಿಸಿದ, ಮತ್ತೆ ಬಿಡಿಸಿದ. "ಸುಳ್ಳು ಯಾಕೆ ಹೇಳ್ಲಿ, ನನಗೂ ಅದು ಬೇಡವಾಗಿತ್ತು. ಮೂರ್ಛೆ ಬರೋಕೆ ಶುರುವಾದ ಮೇಲೆ ನನ್ನ ಲೈಸೆನ್ಸ್ ಹೋಯ್ತು. ಮೀನು ಹಿಡಿಯೋಕೆ ಹೋಗ್ಬೇಕಾದ್ರೂ ನೀನೇ, ಔಷಧಿಗೂ ನೀನೇ. ನೀನೂ ಬಿಟ್ಟರೆ ನಮ್ಮ ಗತಿ ಏನು ಅಂತ."

ಲೆಂಪಿಯ ಮುಖ ಕೆಂಪಾಯಿತು. ನಿವೃತ್ತಿಯಾಗುವವರೆಗೂ ಅವಳು ಶಾಲೆಯ ಬಸ್ಸು ಓಡಿಸಿದವಳು. "ಈ ಊರಿನ ಅರ್ಧ ಜನರನ್ನ ಶಾಲೆಗೆ ಮುಟ್ಟಿಸಿದೋಳು ನಾನು. ಒಂದು ಮಗುವಿನ ಮೈ ಕೊಂಕಿಲ್ಲ. ಇಲ್ಲಿ ಇನ್ನೊಂದು ಬಸ್ಸಿದೆಯಾ, ಟ್ಯಾಕ್ಸಿ ಇದೆಯಾ? ಕಾರು ಬಿಡು ಅನ್ನೋದೂ ಒಂದೇ, ಕಾಲು ಕತ್ತರಿಸ್ಕೊ ಅನ್ನೋದೂ ಒಂದೇ!"

"ಬಿಡು ಅಂತ ಯಾರಂದ್ರು? ನೀನೇ ಅಂದ್ಕೊಂಡೆ," ಎಂದಳು ಡೊರೀನ್ ಮೆಲ್ಲಗೆ.

"ನೋಡ್ತಾ ಇರಿ ಇಬ್ಬರೂ." ಲೆಂಪಿ ಸರಸರನೆ ಹೋಗಿ ಎಡಪಕ್ಕದಲ್ಲಿದ್ದ ಸ್ಟಿಯರಿಂಗ್ ಮುಂದೆ ಕೂತು ಬಾಗಿಲೆಳೆದುಕೊಂಡಳು. ಎಂಜಿನ್ ಚಾಲೂ ಮಾಡಲಿಲ್ಲ. ಕಿಟಕಿಯ ಗಾಜಿಳಿಸಿ ಕೂಗಿದಳು: "ಡೊರೀನ್, ಹಿಂದಿನಿಂದ ಬಲಗಡೆ ನಡ್ಕೊಂಡು ಬಾ. ರಸ್ತೆ ನೋಡೋ ಹಾಗೆ ನೇರ ನೋಡ್ತಿರ್ತೀನಿ. ನೀನು ಕಂಡ ತಕ್ಷಣ ಹೇಳ್ತೀನಿ. ಆಮೇಲೆ ಇಬ್ಬರೂ ನನ್ನ ಹತ್ರ ಕ್ಷಮೆ ಕೇಳ್ಬೇಕು."

ಡೊರೀನ್ ನೆಲ ಒರೆಸುವ ಕೋಲನ್ನು ಎತ್ತಿಕೊಂಡು ಹೊರಟಳು. ಲೆಂಪಿ ಗ್ಯಾರೇಜಿನ ಗೋಡೆಗೆ ನೇತುಹಾಕಿದ್ದ ಸಲಿಕೆಯ ಮೇಲೆ ದೃಷ್ಟಿ ನೆಟ್ಟಳು. ಸ್ವಲ್ಪ ಹೊತ್ತು ಕಾದಳು.

"ಹ್ಞೂಂ, ನಡಿ! ಅಲ್ಲೇ ನಿಂತ್ಬಿಟ್ಯಾ?"

"ನಾನು ಆವಾಗಿಂದ ಇಲ್ಲೇ ಕುಣೀತಾ ಇದೀನಿ ಕಣೇ!"

ಲೆಂಪಿ ಕತ್ತು ಹೊರಳಿಸಿದಳು. ಮುಂದಿನ ಬಲಚಕ್ರದ ಪಕ್ಕದಲ್ಲೇ ಡೊರೀನ್ ಒದ್ದೆ ಕೋಲನ್ನು ತಲೆಯ ಮೇಲೆ ಬೀಸುತ್ತ, ಸೊಂಟ ಬಳುಕಿಸುತ್ತ, ಹನಿಗಳಿಂದ ತನ್ನ ಮುಖವನ್ನೇ ತೋಯಿಸಿಕೊಳ್ಳುತ್ತ ಕುಣಿಯುತ್ತಿದ್ದಳು. ಲೆಂಪಿಗೆ ನಗು ಉಕ್ಕಿ ಬಂತು. ಡೊರೀನಳಿಗೂ ಬಂತು. ಆರ್ವೋ ಕೂಡ ಕಾರಿನ ಮೇಲೆ ಕೈಯೂರಿ ನಕ್ಕ. ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದ ಲೆಂಪಿ ಅರ್ಧದಲ್ಲೇ ನಗು ನಿಲ್ಲಿಸಿದಳು.

ಡೊರೀನ್ ಚಿಕ್ಕ ಗಾತ್ರದ ಹೆಂಗಸಲ್ಲ. ಶಾಲೆಗೆ ಹೋಗುವ ಮಗುವಾದರೆ ಅವಳ ಸೊಂಟದ ಮಟ್ಟಕ್ಕೆ ಬರುತ್ತದೆ.

ಲೆಂಪಿ ಇಳಿದು ಬಂದಳು. ಹಳದಿ ಪಟ್ಟೆಯ ಮುಂದೆ ಒಂದು ಗಳಿಗೆ ನಿಂತಳು. ಆಮೇಲೆ ಕೀಲಿಯನ್ನು ಡೊರೀನಳ ಒದ್ದೆ ಅಂಗೈಯಲ್ಲಿಟ್ಟಳು.

"ಸೋಮವಾರ ನೀನೇ ಓಡಿಸು. ಆರ್ವೋ, ಆ ಶೀಸೆ ಮುಚ್ಚಿಡು. ಪೇಸ್ಟಿ ಆರೋಗ್ತಿದೆ, ತಿನ್ನೋಣ ಬನ್ನಿ."

ಸೋಮವಾರ ಷೋರೂಮಿನಲ್ಲಿ ಬ್ರೆಂಟ್ ಎಂಬ ತರುಣ ಕಾರನ್ನು ಪರೀಕ್ಷಿಸಿದ. ಎಡಗಡೆ ನಿಧಾನವಾಗಿ ನೋಡಿದ, ಬಲಗಡೆ ಸುಮ್ಮನೆ ಕಣ್ಣಾಡಿಸಿದ. ಹಳದಿ ಪಟ್ಟೆ ಪಾಲಿಶ್ ಉಜ್ಜಿದ್ದಕ್ಕೆ ಅಳಿದುಹೋಗಿತ್ತು, ಉಳಿದ ಕಡೆ ಆರ್ವೋ ಬಳಿದಿದ್ದ ಬಣ್ಣದ ಮೇಲೆ ಬಿಸಿಲು ಚೆನ್ನಾಗಿ ಹೊಳೆಯುತ್ತಿತ್ತು.

"ತುಂಬಾ ಜೋಪಾನವಾಗಿ ಇಟ್ಕೊಂಡಿದೀರಿ ಅಮ್ಮಾ. ಏನೂ ತೊಂದರೆ ಇಲ್ಲ. ನಿಮಗೆ ಅಂತ ಆ ನೀಲಿ ಕಾರು ತೊಳೆಸಿ ಇಟ್ಟಿದೀನಿ. ಸಹಿ ಹಾಕಿದ್ರೆ ಓಡಿಸ್ಕೊಂಡೇ ಹೋಗ್ಬಹುದು."

ಲೆಂಪಿ ನೀಲಿ ಕಾರಿನ ಹತ್ತಿರ ಹೋದಳು. ಎಳೆಗರುವಿನ ಬೆನ್ನು ಸವರುವಂತೆ ಅದರ ಮೇಲೆ ಕೈಯಾಡಿಸಿದಳು. ಬಾಗಿಲು ತೆರೆದು ಹೊಸತನದ ವಾಸನೆಯನ್ನು ಒಮ್ಮೆ ಎಳೆದುಕೊಂಡು, ಮತ್ತೆ ಮುಚ್ಚಿದಳು.

"ಚೆನ್ನಾಗಿದೆ ಮಗಾ. ಬೇರೆಯವರಿಗೆ ಕೊಡು. ಮತ್ತೆ ಆ ಕೆಂಪು ಕಾರಿನ ಬಲಮಗ್ಗುಲನ್ನ ಇನ್ನೊಂದ್ಸಲ ನೋಡು. ಬಣ್ಣದ ಕೆಳಗೆ ಗೀರಿವೆ, ಕನ್ನಡಿ ಗುಜರಿಯದು. ಬರ್ಕೊ."

ಬ್ರೆಂಟ್ ಪೆನ್ನು ಹಿಡಿದು ಪಿಳಿಪಿಳಿ ನೋಡಿದ. "ಹೀಗೆ ಯಾರೂ ಹೇಳಲ್ಲಮ್ಮ."

"ಹೇಳಿದ್ರೆ ನನ್ನ ಕಿವಿಗೂ ಬೀಳುತ್ತೆ ಅಂತ ಹೇಳ್ದೆ."

ಅವನು ಮತ್ತೆ ಸುತ್ತಿ ನೋಡಿ, ಗೀರುಗಳಿಗೂ ಕನ್ನಡಿಗೂ ಒಂದಿಷ್ಟು ದಂಡ ಬರೆದ. ಕೊನೆಗೆ ಡಿಕ್ಕಿ ತೆರೆದವನು ಮೂಗು ಮುಚ್ಚಿಕೊಂಡು ಹಿಂದೆ ಸರಿದ. ದಂಡದ ದೊಡ್ಡ ಪಾಲು ಬಿದ್ದದ್ದು ಆರ್ವೋನ ಮೀನಿನ ವಾಸನೆಗೆ. ಷೋರೂಮಿನವರ ವ್ಯಾನಿನಲ್ಲಿ ಮನೆಗೆ ಬರುವ ದಾರಿಯುದ್ದಕ್ಕೂ ಡೊರೀನ್ ಅದನ್ನೇ ಹೇಳಿಕೊಂಡು ನಕ್ಕಳು. ಆರ್ವೋ ಕಿಟಕಿಯ ಹೊರಗೆ ನೋಡುತ್ತ ಕೂತ.

ಮುಂದಿನ ಭಾನುವಾರ ಪ್ರಾರ್ಥನೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಲೆಂಪಿ ಬಟ್ಟಲಿಗೆ ಚಮಚ ಬಡಿದು ಎದ್ದು ನಿಂತಳು. ಡೊರೀನಳ ಕುಣಿತವನ್ನು ತಾನೇ ಕುಣಿದು ತೋರಿಸಿದಳು. ಜನ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ರೂಡಿ. ನಲ್ಲಿ ರಿಪೇರಿ ಕೆಲಸದಿಂದ ನಿವೃತ್ತನಾಗಿ, ತನ್ನ ಹಳೆಯ ಪಿಕಪ್ಪಿನಲ್ಲಿ ಊರೆಲ್ಲ ಸುತ್ತುವವನು. ನಗು ಇಳಿದ ಮೇಲೆ ಲೆಂಪಿ, "ಹಾಗಾಗಿ ಇನ್ನು ಮೇಲೆ ನನಗೆ ನಿಮ್ಮ ಗಾಡಿಗಳಲ್ಲಿ ಜಾಗ ಬೇಕು," ಎಂದಳು. ಯಾರಿಂದಲೂ ಏನನ್ನೂ ಕೇಳಿ ಅಭ್ಯಾಸವಿರಲಿಲ್ಲ ಅವಳಿಗೆ. ಅಂಗಡಿಗೆ ನಾನು, ಹಾಡಿಗೆ ನಾನು ಎಂದು ನಾಲ್ಕೂ ಕಡೆಯಿಂದ ಕೈಗಳೆದ್ದವು. ಆರ್ವೋನನ್ನು ಮೀನಿಗೆ ಕರೆದೊಯ್ಯುವವರು ಯಾರು ಎಂಬ ಪ್ರಶ್ನೆಗೆ ಮಾತ್ರ ಎಲ್ಲರೂ ಕಾಫಿಯತ್ತ ನೋಡಿದರು.

ಕಣ್ಣಿನ ಡಾಕ್ಟರು ಇದ್ದುದು ದೂರದ ದೊಡ್ಡ ಆಸ್ಪತ್ರೆಯಲ್ಲಿ. ಹೋಗುವ ದಿನ ಡೊರೀನ್ ತನ್ನ ಕಾರು ತಂದು ಹಾರ್ನ್ ಮಾಡಿದಳು. ಆರ್ವೋ ಮುಂದೆ ಕೂತ, ಲೆಂಪಿ ಹಿಂದೆ. ಕಾರು ಹೊರಡುವಷ್ಟರಲ್ಲಿ ಎದುರು ಬೀದಿಯಿಂದ ರೂಡಿ ಕೈ ಎತ್ತಿ ಬಂದ. ಚರ್ಚಿಗೆ ಹಾಕುವ ಕೋಟು ತೊಟ್ಟು, ಕೂದಲು ಬಾಚಿಕೊಂಡಿದ್ದ.

"ಎಲ್ಲಿಗೋ ಇಷ್ಟು ಅಲಂಕಾರ ಮಾಡ್ಕೊಂಡು?" ಲೆಂಪಿ ಕೇಳಿದಳು.

"ನಿಮ್ಮ ಜೊತೆಗೇ. ನಾನೂ ಆ ಡಾಕ್ಟರಿಗೆ ಫೋನ್ ಮಾಡಿದ್ದೆ. ಜಾಗ ಇದೆಯಾ?"

"ನಿನ್ನ ಪಿಕಪ್ಪಿಗೇನಾಯ್ತು?"

ರೂಡಿ ಕಾಲಿನ ಬೂಟು ನೋಡಿಕೊಂಡ. "ಏನಾಗಿದೆ ಅಂತ ಗೊತ್ತಿಲ್ಲ ಲೆಂಪಿ. ನಿನ್ನದು ಲೀಸಿನ ಗಾಡಿ, ವಾಪಸ್ ಕೊಡೋವಾಗ ನೋಡಲೇಬೇಕಾಯ್ತು. ನನ್ನದು ಸ್ವಂತದ್ದು. ಅದನ್ನ ಸುತ್ತಿ ನೋಡೋ ದಿನಾನೇ ಬರಲಿಲ್ಲ."

ಲೆಂಪಿ ಬಾಗಿಲು ತೆರೆದು ಪಕ್ಕಕ್ಕೆ ಸರಿದಳು.