ಧೂಳು ಕೂರದ ಪೆಟ್ಟಿಗೆ

ಮುಂಬೈಯ ಕುರ್ಲಾದ ಆ ಚಾಳಿನ ಗಚ್ಚಿಯಲ್ಲಿ ವಾರಿಜಾ ಒಂದು ಕಾಲಕ್ಕೆ ಹಲಸಿನ ಹಪ್ಪಳ ಒಣಗಿಸುತ್ತಿದ್ದಳು. ಹೋಟೆಲ್ ಕೆಲಸ ಮುಗಿಸಿ ಬಂದ ಗಂಡ ದೂಜ ಕಾಗೆ ಓಡಿಸುವ ನೆಪದಲ್ಲಿ ಹಸಿ ಹಪ್ಪಳ ಮೆಲ್ಲುತ್ತ, ಹೋಗುವ ಲೋಕಲ್ ರೈಲಿಗೆಲ್ಲ ಸಿಳ್ಳೆ ಹಾಕುತ್ತಿದ್ದ. ಆಗಲೂ ಕುರ್ಲಾ ಏನು ಊಟಿಯಾಗಿರಲಿಲ್ಲ, ಹೊಗೆ ಆಗಲೂ ಇತ್ತು. ಆದರೆ ಹಪ್ಪಳ ಹಪ್ಪಳದ ಬಣ್ಣದಲ್ಲೇ ಒಣಗುತ್ತಿತ್ತು, ದೂಜನಿಗೆ ಸಿಳ್ಳೆ ಹಾಕುವಷ್ಟು ಉಸಿರಿತ್ತು.

ಚಾಳಿನ ಹಿಂದೆ ಕಾಂಕ್ರೀಟ್ ಕಲಸುವ ಕಾರ್ಖಾನೆ ಬಂದ ಮೇಲೆ ಹಪ್ಪಳ ನಿಂತಿತು, ದೂಜನಿಗೆ ದಮ್ಮು ಹತ್ತಿತು. ದೂರು ಕೊಟ್ಟರೆ ಪಾಲಿಕೆ ಕಚೇರಿಯವರು, ಗಾಳಿ ಕೆಟ್ಟಿದೆ ಅನ್ನಲು ಪುರಾವೆ ಎಲ್ಲಿ ಎಂದರು. ಕೊನೆಗೆ ಪವಾಯಿಯಲ್ಲಿ ಗಾಳಿಯ ಸಂಶೋಧನೆ ಮಾಡುವ ಬೆಂಗಳೂರಿನ ಹುಡುಗಿ ಪ್ರಿಯಂವದಾ ಬಂದು ವಾರಿಜಾಳ ಮನೆಮುಂದಿನ ಗ್ಯಾಲರಿಯ ಕಂಬಿಗೆ ಒಂದು ಬಿಳಿ ಪೆಟ್ಟಿಗೆ ಕಟ್ಟಿದಳು. ಅದು ಗಾಳಿಯಲ್ಲಿನ ಧೂಳನ್ನು ಅಳೆದು ಅವಳ ಮೊಬೈಲಿಗೆ ಕಳಿಸುತ್ತದೆ. ಒಂದು ತಿಂಗಳ ಅಂಕಿಅಂಶ ಸಿಕ್ಕರೆ ಕಾರ್ಖಾನೆಯವರು ಸುತ್ತ ಶೆಡ್ಡು ಕಟ್ಟಿಸಲೇಬೇಕಾಗುತ್ತದೆ.

“ಜೋಪಾನ ಆಂಟಿ” ಎಂದು ಹೇಳಿ ಹೋದಳು. ಜೋಪಾನ ಮಾಡುವುದರಲ್ಲಿ ವಾರಿಜಾಳನ್ನು ಮೀರಿಸುವವರುಂಟೆ?

ತಿಂಗಳು ಕಳೆದು ಪ್ರಿಯಂವದಾ ಮುಖ ಸಣ್ಣದು ಮಾಡಿಕೊಂಡು ಬಂದಳು.

“ಆಂಟಿ, ಇಡೀ ಮುಂಬೈಯಲ್ಲಿ ನಿಮ್ಮ ಗ್ಯಾಲರಿ ಗಾಳಿನೇ ಕ್ಲೀನ್ ಅಂತ ತೋರಿಸ್ತಿದೆ. ಮೆಷಿನ್ ಬಿಚ್ಚಿ ಮಲಾಡಿಗೆ ಹಾಕು ಅಂತಿದ್ದಾರೆ ನಮ್ಮ ಸರ್.”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಎಲ್ಲ ಕಡೆಯೂ ಇರುತ್ತಾರೆ.

“ಎಂತ ಕ್ಲೀನು ಮಾರಾಯ್ತಿ! ಇವರ ಕೆಮ್ಮು ಕೇಳುದಿಲ್ವಾ ನಿಂಗೆ?” ವಾರಿಜಾ ರೇಗಿದಳು. ಮೆಷಿನ್ ಹೋದರೆ ಶೆಡ್ಡಿನ ಆಸೆಯೂ ಹೋದಂತೆ.

ಪ್ರಿಯಂವದಾ ಕಂಬಿಯತ್ತ ತಿರುಗಿದವಳು ಹಾಗೇ ನಿಂತಳು. ಪೆಟ್ಟಿಗೆ ಪ್ಲಾಸ್ಟಿಕ್ ಚೀಲದೊಳಗೆ ಬೆಚ್ಚಗಿತ್ತು, ಚೀಲದ ಬಾಯಿಗೆ ಬಿಗಿಯಾಗಿ ರಬ್ಬರ್ ಬ್ಯಾಂಡು.

“ಇದ್ಯಾಕೆ ಆಂಟಿ?”

“ಮತ್ತೆ? ಟೀವಿ ರಿಮೋಟಿಗೇ ಹಾಕ್ತೇನೆ ನಾನು. ಇಷ್ಟು ಧೂಳು ಕೂತ್ರೆ ಮಿಶಿನ್ ಖರಾಬ್ ಆಗುದಿಲ್ವಾ?”

ಪಕ್ಕದ ಕುರ್ಚಿಯಲ್ಲಿದ್ದ ದೂಜನೇ ಮೊದಲು ನಕ್ಕ, ನಕ್ಕು ಕೆಮ್ಮಿದ. “ನಮ್ಮ ಹಳೇ ಕುರ್ಲಾ ಆ ಪ್ಲಾಸ್ಟಿಕ್ ತೊಟ್ಟೆಯ ಒಳಗೆ ಉಂಟು ಮಗಾ.”

ಚೀಲ ಬಿಚ್ಚಿದ್ದೇ ತಡ, ಮೊಬೈಲಿನಲ್ಲಿ ಅಂಕಿ ಏರುತ್ತ ಹೋಗಿ ಕೆಂಪಾಯಿತು. ಪ್ರಿಯಂವದಾಳ ಮುಖ ಅರಳಿತು. “ನೋಡಿ ಆಂಟಿ! ಇನ್ನೊಂದು ತಿಂಗಳು ಹೀಗೇ ಬಿಡಿ, ಸರ್‌ಗೆ ನಾನು ಹೇಳ್ತೀನಿ. ಆಮೇಲೆ ಗಾಳಿ ಕೆಟ್ಟಿಲ್ಲ ಅಂತ ಯಾರೂ ಅನ್ನೋಕಾಗಲ್ಲ.”

ವಾರಿಜಾ ಆ ಕೆಂಪನ್ನೇ ನೋಡಿದಳು. ಪೆಟ್ಟಿಗೆಗೂ ದೂಜನ ಕುರ್ಚಿಗೂ ನಡುವೆ ಒಂದು ಮೊಳವೂ ಇರಲಿಲ್ಲ. ಸ್ವಲ್ಪ ಗಾಳಿ ಬರಲಿ ಎಂದು ದಿನಾ ಸಂಜೆ ಅವನನ್ನು ಕೈಹಿಡಿದು ತಂದು ಅಲ್ಲಿ ಕೂರಿಸುತ್ತಿದ್ದವಳು ಅವಳೇ.

“ಮಿಶಿನನ್ನು ತೊಟ್ಟೆಯಲ್ಲಿ ಕಟ್ಟಿಟ್ಟೆ” ಎಂದಳು. ಕಣ್ಣು ತುಂಬಿ ಬಂತು. “ಇವರನ್ನು ತಂದು ಇಲ್ಲಿ ಕೂರಿಸ್ದೆ.”

ಅವಳು ದೂಜನನ್ನು ಎಬ್ಬಿಸಿ ಒಳಗೆ ಕರೆದೊಯ್ದಳು. ಪ್ರಿಯಂವದಾ ಮೊಬೈಲನ್ನು ಜೇಬಿಗೆ ಹಾಕಿ, ಕುರ್ಚಿಯನ್ನು ಎತ್ತಿಕೊಂಡು ಅವರ ಹಿಂದೆಯೇ ಹೋದಳು.