ಸುಮ್ಮನೆ ಕೂರುವ ಜಾಗ

ನಾನು ಕಾಲೇಜಿನಲ್ಲಿ ಕಲಿಸುವುದು ನಗರದ ಬಯಲು ಜಾಗಗಳ ವಿನ್ಯಾಸ. ಪಾರ್ಕು, ಫುಟ್‌ಪಾತು, ಮೇಲ್ಸೇತುವೆಯ ಅಡಿ, ಹೀಗೆ ಯಾರಪ್ಪನ ಆಸ್ತಿಯೂ ಅಲ್ಲದ ಜಾಗಗಳೇ ನನ್ನ ಪಾಠ, ನನ್ನ ಸಂಶೋಧನೆ. ನೆಂಟರ ಬಾಯಲ್ಲಿ ಮಾತ್ರ ನಾನು ಇವತ್ತಿಗೂ ‘ಗಿಡದ ಟೀಚರ್’.

ಅಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಅತ್ತಿಗೆ ತೀರಿಕೊಂಡ ಮೇಲೆ ಮಗನ ಮನೆ ಸೇರಿದ. ಅಲ್ಲಿರುವುದು ಒಂದೇ ಹಾಲ್. ಸಂಜೆಯಾದರೆ ಸೊಸೆ ಅಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ. ಅವಳೇನೂ ಎದ್ದು ಹೋಗಿ ಅನ್ನುವವಳಲ್ಲ. ಆದರೆ ಇವನು ಕೆಮ್ಮಿದರೆ ಸಾಕು, ಮಕ್ಕಳು ಕಿಸಕ್ಕನೆ ನಗುತ್ತಿದ್ದವು. ಅದಕ್ಕೇ ಚಪ್ಪಲಿ ಮೆಟ್ಟಿಕೊಂಡು ಮೇಲ್ಸೇತುವೆಯ ಕೆಳಗೆ ಹೋಗುತ್ತಿದ್ದ. ಅಲ್ಲಿ ಕಂಬಗಳ ಸುತ್ತ ಮೊಣಕಾಲೆತ್ತರದ ಕಟ್ಟೆಗಳು. ಮೇಲೆ ಲಾರಿ ಹೋದರೆ ಕೂತವರ ಹಲ್ಲು ಕಟಕಟ ಅನ್ನಬೇಕು. ಆದರೂ ಅಲ್ಲಿ ಬೈಯಲು, ಬೈಸಿಕೊಳ್ಳಲು ಅವನಿಗೆ ಜೊತೆ ಸಿಕ್ಕಿತ್ತು, ಮುಖಕ್ಕೆ ಮತ್ತೆ ಕಳೆ ಬಂದಿತ್ತು.

ನಾನು ಸುಮ್ಮನಿರಬಾರದಿತ್ತೇ? ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಅಲ್ಲಿಗೇ ಅಧ್ಯಯನಕ್ಕೆ ಹೋದೆ. ಇಲ್ಲಿಗೆ ಯಾಕೆ ಬರುತ್ತೀರಿ ಎಂದು ಕೂತವರನ್ನೆಲ್ಲ ಅವರಿಂದ ಕೇಳಿಸಿದೆ.

“ಮೇಡಂ, ಎಲ್ರೂ ‘ಸುಮ್ನೆ’ ಅಂತಾರೆ. ಏನಂತ ಬರ್ಕೊಳ್ಳೋದು?” ಎಂದು ಹುಡುಗಿಯೊಬ್ಬಳು ಮುಖ ಸಣ್ಣಗೆ ಮಾಡಿಕೊಂಡು ಬಂದಳು.

“ಸುಮ್ನೆ ಅಂತಾನೇ ಬರ್ಕೋ.”

ಅಣ್ಣನೂ ನನ್ನ ಕಡೆ ಓರೆಗಣ್ಣಿನಲ್ಲಿ ನೋಡುತ್ತಾ ಗತ್ತಿನಿಂದ ಅದನ್ನೇ ಹೇಳಿದ. ನಾನು ಹಿರಿಹಿರಿ ಹಿಗ್ಗಿದೆ. ಕೆಲಸವಿಲ್ಲದೆ, ಕಾಸು ಕೊಡದೆ, ಯಾರಿಗೂ ಕಾರಣ ಹೇಳದೆ ಕೂರಲು ಬಿಡುವ ಜಾಗ ನಗರದಲ್ಲಿ ಇನ್ನೆಲ್ಲಿದೆ? ಹೆಚ್ಚಿನವರು ಇಲ್ಲಿಗೆ ಸುಮ್ಮನೆ ಬರುತ್ತಾರೆ, ಅದೇ ಇದರ ಗೆಲುವು ಎಂದು ವರದಿ ಬರೆದೆ. ದೀಪ, ಕುಡಿಯುವ ನೀರು ಕೊಡಲಿ ಎಂಬ ಆಸೆಯಿಂದ ಪಾಲಿಕೆಗೂ ಕಳಿಸಿದೆ.

ಪಾಲಿಕೆಯ ಎಂಜಿನಿಯರ್ ನನ್ನ ಹಳೆಯ ಶಿಷ್ಯ. ಅವನೇ ಫೋನ್ ಮಾಡಿದ.

“ತುಂಬಾ ಉಪಕಾರ ಆಯ್ತು ಮೇಡಂ. ಅಲ್ಲಿ ಬರೋರಿಗೆ ಯಾವ ಉದ್ದೇಶಾನೂ ಇಲ್ಲ ಅಂತ ನೀವೇ ತೋರಿಸಿಕೊಟ್ರಿ. ಜಾಗಾನ ಪಾರ್ಕಿಂಗಿಗೆ ಕೊಡ್ತಾ ಇದೀವಿ.”

“ಉದ್ದೇಶ ಇಲ್ಲ ಅಂತ ಎಲ್ಲಪ್ಪಾ ಬರೆದೆ? ಸುಮ್ನೆ ಬರ್ತಾರೆ ಅಂತ ಬರೆದಿದೀನಿ.”

“ಎರಡೂ ಒಂದೇ ಅಲ್ವಾ ಮೇಡಂ?”

ಮೈಯೆಲ್ಲ ಉರಿಯಿತು. ನನ್ನದೇ ಕ್ಲಾಸಿನಲ್ಲಿ ಕೂತು ತಲೆಯಾಡಿಸಿದ್ದವನು ಇವನು. ಕಚೇರಿಯಿಂದ ಕಚೇರಿಗೆ ಅಲೆದೆ. ಎಲ್ಲರೂ ಕುರ್ಚಿ ಕೊಟ್ಟು ಕೂರಿಸಿ, ಹಲ್ಲು ಕಿರಿದು ಸಾಗಹಾಕಿದರು. ಕಟ್ಟೆಗಳನ್ನು ಒಡೆದು, ಸುತ್ತ ತಂತಿಬಲೆ ಬಿಗಿದರು. ಕಾಲೇಜಿನಲ್ಲಂತೂ ನಮ್ಮ ಸಂಶೋಧನೆ ಜಾರಿಗೆ ಬಂತೆಂದು ಪ್ರಿನ್ಸಿಪಾಲರು ನನಗೆ ಶಾಲು ಹೊದಿಸಿದರು. ನಾನೂ ಹೊದ್ದುಕೊಂಡೆ.

ಕೆಲವು ವಾರಗಳ ನಂತರ ಅಣ್ಣನ ಸೊಸೆ ಫೋನ್ ಮಾಡಿದಳು. “ಅತ್ತೆ, ನಮ್ಮಾವ ದಿನಾ ಸಂಜೆ ದೊಡ್ಡಾಸ್ಪತ್ರೆಗೆ ಹೋಗ್ತಿದಾರಂತೆ, ನೋಡಿದೋರು ಹೇಳಿದ್ರು. ಏನು ಕಾಯಿಲೆ ಅಂತ ಬಾಯೇ ಬಿಡಲ್ಲ.”

ಅವತ್ತು ಸಂಜೆಯೇ ಆಸ್ಪತ್ರೆಗೆ ಓಡಿದೆ. ವಾರ್ಡುಗಳ ಹೊರಗಿನ ಹಾಲ್‌ನಲ್ಲಿ, ಕಬ್ಬಿಣದ ಕುರ್ಚಿಗಳ ಸಾಲಿನಲ್ಲಿ, ರೋಗಿಗಳ ಕಡೆಯವರ ನಡುವೆ ಕೂತಿದ್ದ.

“ಏನಾಯ್ತಣ್ಣ? ಡಾಕ್ಟರು ಏನಂದ್ರು?”

“ಮೆತ್ತಗೆ ಮಾತಾಡು.” ಬಾಗಿಲ ಬಳಿಯ ಕಾವಲುಗಾರನ ಕಡೆ ಗದ್ದ ಎತ್ತಿ ತೋರಿಸಿದ. “ನಂಗೇನೂ ಆಗಿಲ್ಲ. ಇಲ್ಲಿ ಫ್ಯಾನಿದೆ, ನೀರಿದೆ. ಅವನು ಕೇಳಿದ್ರೆ, ಹೆಂಡ್ತಿನ ಒಳಗೆ ಮಲಗಿಸಿದಾರೆ ಅಂತೀನಿ.”

ಪಕ್ಕದಲ್ಲಿ ಕೂತೆ. ಕಣ್ಣು ತುಂಬಿ ಬಂತು. ಕರ್ಚೀಫಿಗೆಂದು ಬ್ಯಾಗಿಗೆ ಕೈ ಹಾಕಿದೆ. ಅವನು ಗಾಬರಿಯಿಂದ ನನ್ನ ಕೈ ಹಿಡಿದುಕೊಂಡ.

“ಬೇಡ ಕಣೇ, ಇದನ್ನ ಬರ್ಕೋಬೇಡ.”