ಬೆರಳು ತೂರುವಷ್ಟು ಜಾಗ

ಪಟ್ಟಿಯ ಮೊದಲ ಸುತ್ತನ್ನು ದರ್ಜಿ ಸತ್ತವನ ಮಣಿಕಟ್ಟಿಗೆ ಹಾಕಿ ಬಿಚ್ಚಿದ. ಮತ್ತೆ ಹಾಕಿ ಮತ್ತೆ ಬಿಚ್ಚಿದ. ಎಪ್ಪತ್ತೆರಡು ವರ್ಷದ ಕೈ ತಣ್ಣಗೆ ಸೆಟೆದಿತ್ತು. ಕಟ್ಟುವ ಕೈಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಅಪ್ಪನನ್ನು ಬಾಕ್ಸಿಂಗ್ ಪಂದ್ಯಕ್ಕೆ ಹೊರಟಂತೆಯೇ ಕಳಿಸಬೇಕು, ಗವಸಿನೊಳಗೆ ಸುತ್ತುವ ಬಟ್ಟೆ ಪಟ್ಟಿಯನ್ನು ಕೈಗೆ ನೀವೇ ಕಟ್ಟಿ ಎಂದು ಮಗಳು ಕೇಳಿದ್ದಳು. ಒಲ್ಲೆ ಅನ್ನಲು ಅವನಿಗೆ ಬಾಯಿ ಬರಲಿಲ್ಲ.

ಸತತ ಮೂರು ವರ್ಷ ಚಾಂಪಿಯನ್ ಆಗಿದ್ದವನ ಮನೆಗೆ ಬಂದವರು ಹದಿನಾಲ್ಕೇ ಜನ. ಅವರಲ್ಲಿ ಅರ್ಧ, ಅವನು ಇಪ್ಪತ್ತಾರು ವರ್ಷ ಲಿಫ್ಟ್ ನಡೆಸಿದ ಕಟ್ಟಡದ ಗುಮಾಸ್ತರು. ಬಾಕ್ಸಿಂಗ್ ಸಂಘದಿಂದ ಕಾರ್ಯದರ್ಶಿ ಒಬ್ಬನೇ ಬಂದು, ಹೂವಿಟ್ಟು, ಬಾಗಿಲ ಬಳಿ ನಿಂತಿದ್ದ. ಸಂಘದ ಗೋಡೆಯ ಮೇಲೆ ಎಲ್ಲ ಚಾಂಪಿಯನ್ನರ ಪಟವಿದೆ, ಇವರದ್ದು ಮಾತ್ರ ಯಾಕಿಲ್ಲ ಎಂದು ಗುಮಾಸ್ತನೊಬ್ಬ ಕೇಳಿದ.

“ಅವನ ಬಲಗೈ ಅಂದ್ರೆ ಸುತ್ತಿಗೆ ಇದ್ದ ಹಾಗೆ. ಕೊನೇ ಪಂದ್ಯದಲ್ಲಿ ಅದನ್ನ ಒಂದ್ಸಲಾನೂ ಬೀಸಲಿಲ್ಲ ಅಂದ್ರೆ ಏನರ್ಥ? ಬೇಕಂತಲೇ ಸೋತ. ಹೋದೋರ ಬಗ್ಗೆ ಆಡ್ಬಾರ್ದು, ಬಿಡಿ,” ಎಂದು ಕಾರ್ಯದರ್ಶಿ ಆಡುವುದನ್ನೆಲ್ಲ ಆಡಿ ಮುಗಿಸಿದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ದರ್ಜಿಯ ಕೈ ಪಟ್ಟಿಯ ಮೇಲೆ ನಿಂತುಹೋಯಿತು. ಮಗಳು ತಲೆ ಎತ್ತಲಿಲ್ಲ. ಈ ಮಾತನ್ನು ಅವಳು ಶಾಲೆಗೆ ಹೋಗುವ ಕಾಲದಿಂದ ಕೇಳಿಕೊಂಡು ಬಂದಿದ್ದಳು.

*

ನಲವತ್ತು ವರ್ಷದ ಹಿಂದಿನ ಆ ದಿನ ದರ್ಜಿಗೆ ಗಡಿಬಿಡಿ. ಅಂಗಡಿಯಲ್ಲಿ ಬಟ್ಟೆ ಹೊಲಿಯುವವನು, ಪಂದ್ಯವಿದ್ದಾಗ ಚಾಂಪಿಯನ್ ಗೆಳೆಯನಿಗೂ ಬೇರೆ ಆಟಗಾರರಿಗೂ ಪಟ್ಟಿ ಕಟ್ಟಲು ಓಡಿ ಬರುತ್ತಿದ್ದ. ಅಂದು ತಡವಾಗಿ ತಲುಪಿದ್ದ. ಕಟ್ಟಿದ ಮೇಲೆ ಪಟ್ಟಿಯ ಕೆಳಗೆ ಕಿರುಬೆರಳು ತೂರಿಸಿ ನೋಡುವುದು ಅವನ ರೂಢಿ. ತೂರದಿದ್ದರೆ ಬಿಚ್ಚಿ ಮತ್ತೆ ಕಟ್ಟಬೇಕು. ಅಂದು ಬಲಗೈಗೆ ತೂರಿಸಿ ನೋಡಲಿಲ್ಲ.

“ಬಿಗಿಯಾಯ್ತು ಕಣೋ,” ಎಂದ ಚಾಂಪಿಯನ್.

“ಬಿಗಿ ಇದ್ರೇನೇ ಏಟಿಗೆ ತೂಕ. ನಡಿ, ಕರೀತಿದಾರೆ,” ಎಂದ ದರ್ಜಿ.

ಗವಸು ತೊಟ್ಟ ಮೇಲೆ ಪಂದ್ಯ ಮುಗಿಯುವ ತನಕ ಬಿಚ್ಚುವಂತಿಲ್ಲ. ಆಟ ಶುರುವಾಗುವಷ್ಟರಲ್ಲಿ ಬಲಗೈ ಜೋಮು ಹಿಡಿದು ಮರದ ತುಂಡಾಗಿತ್ತು. ಸೋತು ಬಂದು ಗವಸು ಕಳಚಿದಾಗ ಬೆರಳುಗಳು ನೀಲಿಗಟ್ಟಿದ್ದವು. ಹೊರಗೆ ಜನ ಮೋಸ ಎಂದು ಕೂಗುತ್ತಿದ್ದರು. ಹೇಳಿಬಿಡುತ್ತೇನೆಂದು ದರ್ಜಿ ಬಾಗಿಲಿನತ್ತ ಹೊರಟಾಗ ಚಾಂಪಿಯನ್ ಎಡಗೈಯಿಂದ ಅವನ ಅಂಗಿ ಹಿಡಿದ.

“ಸುಮ್ನಿರು. ಆಮೇಲೆ ನಿನ್ನ ಹತ್ರ ಯಾರು ಪಟ್ಟಿ ಕಟ್ಟಿಸ್ಕೋತಾರೆ? ನಾಲ್ಕು ದಿನ ಆಡ್ಕೋತಾರೆ, ಮರೀತಾರೆ.”

ಜನ ಮರೆಯಲಿಲ್ಲ. ಮುಂದೆ ಮೂವತ್ತು ವರ್ಷ ಹೊಸ ಆಟಗಾರರು ದರ್ಜಿಯ ಮುಂದೆ ಸಾಲುಗಟ್ಟಿ ಕೈ ಚಾಚಿದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಇವನು ಆಡದೆ ಉಳಿಸಿಕೊಂಡ ಮಾತಿಗೆ ಗೆಳೆಯನ ಹೆಸರೇ ಹೋಗಿತ್ತು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಲೇ ಮುದುಕನಾದ. ನಾಚಿಕೆಯಾಗುತ್ತಿತ್ತು, ಆ ನಾಚಿಕೆಯೂ ಒಗ್ಗಿಹೋಗಿತ್ತು.

*

“ಮಾಮ,” ಎಂದಳು ಮಗಳು ತಗ್ಗಿದ ದನಿಯಲ್ಲಿ. “ಬೇಕಂತಲೇ ಸೋತ್ರಾ ಅಂತ ಅಪ್ಪನ್ನ ಒಂದ್ಸಲ ಕೇಳಿದ್ದೆ. ನಕ್ಕು ಸುಮ್ಮನಾದ್ರು. ನಿಜ ಅಂತಲೇ ಅಂದ್ಕೊಂಡೆ. ಆಮೇಲೆ ಎಷ್ಟೋ ವರ್ಷ ಅವರ ಜೊತೆ ಸರಿಯಾಗಿ ಮಾತೇ ಆಡ್ಲಿಲ್ಲ.”

ಇದು ದರ್ಜಿಗೆ ಗೊತ್ತಿರಲಿಲ್ಲ. ಅವನು ಕಾರ್ಯದರ್ಶಿಯನ್ನು ಒಳಗೆ ಕರೆದ. ಗುಮಾಸ್ತರೂ ಹಿಂದೆಯೇ ಬಂದರು.

“ಅವನಾಗಿ ಸೋತಿಲ್ಲ. ಸೋಲಿಸಿದ್ದು ನಾನು,” ಎಂದ. ತಡವಾಗಿ ಬಂದದ್ದು, ತೂರಿಸಿ ನೋಡದೆ ಇದ್ದದ್ದು, ನೀಲಿಗಟ್ಟಿದ ಬೆರಳು, ಒಂದನ್ನೂ ಬಿಡದೆ ಹೇಳಿದ. ಹೇಳಲು ಐದು ನಿಮಿಷವೂ ಹಿಡಿಯಲಿಲ್ಲ.

ಕಾರ್ಯದರ್ಶಿ ಕನ್ನಡಕ ಒರೆಸಿಕೊಂಡು, ಅಂದಿನವರು ಈಗ ಯಾರೂ ಇಲ್ಲವಲ್ಲ, ಹೇಳುವುದಾದರೂ ಯಾರಿಗೆ ಎಂದ. ಪಟದ ಮಾತು ಎತ್ತಲಿಲ್ಲ. ಹೆಣ ಒಯ್ಯುವ ವಾಹನ ಬಂದಿದೆಯೆಂದು ಗುಮಾಸ್ತರನ್ನು ಕರೆದುಕೊಂಡು ಹೊರಟ.

ಮಗಳು ಅಳಲಿಲ್ಲ, ಬಯ್ಯಲೂ ಇಲ್ಲ. ದರ್ಜಿ ಕೊನೆಯ ಸುತ್ತು ಹಾಕಿ ಪಟ್ಟಿಯ ತುದಿ ಸಿಕ್ಕಿಸಿದ. ಅವಳು ಬಗ್ಗಿ, ಅಪ್ಪನ ಬಲ ಮಣಿಕಟ್ಟಿನ ಪಟ್ಟಿಯ ಕೆಳಗೆ ತನ್ನ ಕಿರುಬೆರಳು ತೂರಿಸಿದಳು. ಹೊರಗಿನಿಂದ ಕರೆಯುತ್ತಿದ್ದರು. ಅವಳು ಬೆರಳು ತೆಗೆಯಲಿಲ್ಲ.